ಒಂದು ಗೂಡಿಗೆ ಒಂದು ಕಿಲೋಮೀಟರು

ಹರಾಜು ಮುಗಿದು ಮಾರ್ಕೆಟ್ಟು ಬೀಡಿ ಹಚ್ಚುವ ಹೊತ್ತು
ಆಕೆ ಬಂದು ನನ್ನ ತಕ್ಕಡಿಯ ಮೇಲೆ ನಿಂತಳು.
ಶಿಡ್ಲಘಟ್ಟದಲ್ಲಿ ಅದು ಗೂಡು ತೂಗುವ ತಕ್ಕಡಿ,
ಮನುಷ್ಯರನ್ನು ತೂಗಬಾರದು ಅಂತ ಬೋರ್ಡೇನೂ ಇಲ್ಲ.
ಐವತ್ತೊಂಬತ್ತು ಕಿಲೋ ಇನ್ನೂರು ಗ್ರಾಂ.
ಚೀಲ ಮೂರೂವರೆ.
‘ಚೀಟಿ ಕೊಡಿ ಗಂಗುಲಪ್ಪನೋರೆ,
ಚಿಕ್ಕ ವಿಮಾನ, ಒಂದೊಂದು ಕಿಲೋಗೂ ಲೆಕ್ಕ ಹೇಳಬೇಕು.’
ಲಾಟ್ ನಂಬರಿನ ಜಾಗದಲ್ಲಿ ಹೆಸರೇ ಬರೆದೆ:
ಯಶೋವತಿ. ಜಕ್ಕೂರಿನಲ್ಲಿ ಹುಡುಗರಿಗೆ ಹಾರಲು ಕಲಿಸುವಾಕೆ.

ಗುವಾಹಟಿಗಂತೆ. ಒಬ್ಬಳೇ.
ಎರಡು ಸಾವಿರದ ಏಳು ನೂರು ಕಿಲೋಮೀಟರು.
ಯಾತಕ್ಕಮ್ಮ ಅಂದರೆ, ನಿಮ್ಮ ರೀಲರುಗಳ ಎದೆಗೆ ಅಂದಳು.
ಮೂವತ್ತು ವರ್ಷ ಬಾಂಡಲೆಯ ಆವಿ, ಬೆಂದ ಹುಳದ ನಾತ
ಕುಡಿದವರಿಗೆ ಬರುವ ಉಬ್ಬಸವನ್ನು
ನಾವು ಕಾಯಿಲೆ ಅನ್ನುವುದಿಲ್ಲ, ಕಸುಬು ಅನ್ನುತ್ತೇವೆ.

‘ಒಂದು ಗೂಡಿನ ಎಳೆ ಎಷ್ಟುದ್ದ?’
ಹುಳು ಚೆನ್ನಾಗಿ ಮೇದಿದ್ದರೆ
ಕಿಲೋಮೀಟರಿಗೆ ಮೋಸವಿಲ್ಲ ಅಂದೆ.
‘ಹಾಗಾದರೆ ನಾನು ಹಾರುವ ಒಂದೊಂದು ಕಿಲೋಮೀಟರಿಗೆ
ಒಂದೊಂದು ಗೂಡು ಕೊಡ್ತೀರಾ?’

ಖಮರುನ್ನೀಸಾ ಬೆರಳು ಮಡಿಸಿದಳು.
ಏಳು ನೂರು, ಎರಡು ಸಾವಿರ, ಒಟ್ಟು ತೂಕ ಐದು ಕಿಲೋ.
‘ಇಷ್ಟೇನಾ ನಿಮ್ಮ ಗುವಾಹಟಿ!
ನಾಷ್ಟಾ ಮಾಡೋಕೆ ಮೊದಲೇ ಬಿಚ್ಚಿ ಬಿಸಾಕ್ತೀನಿ.’
ಎಲ್ಲರೂ ನಕ್ಕರು. ನಗು ಕೆಮ್ಮಾಯಿತು.
ಕೆಮ್ಮು ನಿಂತ ಮೇಲೆ
ಎಂಬತ್ತೊಂದು ಮನೆಯವರು ಬರೆಸಿದರು,
ತಲೆಗೊಂದು ಗುವಾಹಟಿ.

ಮಿಕ್ಕವರು ಬಿಚ್ಚಿ ಮಾರಿ ದುಡ್ಡು ಕಟ್ಟಿದರು.
ಖಮರುನ್ನೀಸಾ ಮಾತ್ರ ಎಣಿಸಿಟ್ಟುಕೊಂಡು ಕೂತಳು:
ಹಾರಿದಷ್ಟೇ ಬಿಚ್ಚೋದು.
ಮೊದಲ ದಿನ ಫೋನು ಬಂತು, ಎಂಟು ನೂರ ಹತ್ತು.
ಚರಕ ಎಂಟು ನೂರ ಹತ್ತು ಗೂಡಿಗೆ ನಿಂತಿತು.
ಎರಡನೆಯ ದಿನ ಒಂಬೈನೂರು, ಭುವನೇಶ್ವರ.
ಮೂರನೆಯ ದಿನ ಮಳೆ. ನಾಲ್ಕೂ ಮಳೆ.
ಅಲ್ಲಿ ರೆಕ್ಕೆಗೆ ಹಗ್ಗ ಕಟ್ಟಿ ಆಕೆ,
ಇಲ್ಲಿ ಚರಕಕ್ಕೆ ಬಟ್ಟೆ ಹೊದಿಸಿ ಈಕೆ.

ಆವಿಗೆ ಹಾಕು, ಹುಳು ಸತ್ತರೆ ಗೂಡು ಕೆಡಲ್ಲ ಅಂದೆ.
‘ಆಯಮ್ಮ ಮೇಲೆದ್ದಿಲ್ಲ,
ನಾನು ಇಲ್ಲಿ ಒಳಗಿರೋರನ್ನ ಸಾಯಿಸಲಾ?
ನಡೀರಿ ಅತ್ಲಾಗೆ.’

ಐದನೆಯ ಬೆಳಿಗ್ಗೆ ಜರಡಿ ಮಿಸುಕುತ್ತಿತ್ತು.
ಒದ್ದೆ ಬೆಳ್ಳಗಿನ ಚಿಟ್ಟೆಗಳು, ಗೂಡಿಗೊಂದು ತೂತು.
ಅರವತ್ತು ವರ್ಷ ಈ ಊರಲ್ಲಿದ್ದೇನೆ,
ಅಷ್ಟೊಂದು ಚಿಟ್ಟೆಯನ್ನು ಒಟ್ಟಿಗೆ ಕಂಡದ್ದಿಲ್ಲ.
ನಮ್ಮ ಅನ್ನ ಅವು ಹುಟ್ಟದಿರುವುದರಲ್ಲೇ ಇದೆ.
ರೆಕ್ಕೆ ಬಡಿದವು, ಬಡಿದವು,
ಜರಡಿಯ ಅಂಚು ದಾಟಲಿಲ್ಲ.
ಅವಕ್ಕೆ ರೆಕ್ಕೆ ಇದೆ, ಹಾರಾಟ ಬರುವುದಿಲ್ಲ.
ಸಾವಿರ ಗೂಡಿಗೆ ಹತ್ತು ಕಮ್ಮಿ,
ಎಳೆಯೆಲ್ಲ ತುಂಡು ತುಂಡು.

ಅದೇ ಸಂಜೆ ಆಕೆ ಮುಟ್ಟಿದಳು.
ವಿಷಯ ಹೇಳಿದೆ. ಆ ಕಡೆ ಸುಮ್ಮನಾಯಿತು.
ಆಮೇಲೆ, ‘ಇಲ್ಲಿ ಏರಿ ಅಂತ ಒಂದು ರೇಷ್ಮೆ ಗಂಗುಲಪ್ಪನೋರೆ,
ಚಿಟ್ಟೆ ಹೊರಟು ಹೋದ ಮೇಲೇನೆ ನೂಲೋದು.
ಇಳ್ಕೊಂಡಿರೋ ಮನೆಯ ಅಜ್ಜಿ ಈಗ ನೂಲ್ತಾ ಕೂತಿದ್ದಾರೆ.’
ಖಮರುನ್ನೀಸಾಗೆ ಫೋನು ಕೊಟ್ಟೆ.
‘ತೂತು ಗೂಡಿಂದ ನೂಲಾ? ಹತ್ತಿ ಅನ್ನಿ ಅದನ್ನ!’

ರಾತ್ರಿ ಅವಳ ಮನೆ ಮುಂದೆ ಹಾದು ಬಂದೆ.
ಬಲ್ಬಿನ ಕೆಳಗೆ, ಆವಿ ತಿಂದ ಬೆರಳಲ್ಲಿ
ಒಂದು ತೂತು ಗೂಡನ್ನು ಜಗ್ಗಿ ಜಗ್ಗಿ ಹೊಸೆಯುತ್ತಿದ್ದಳು.
ಬರುತ್ತಿತ್ತೋ ಇಲ್ಲವೋ, ಕಾಣಲಿಲ್ಲ.

ಲೆಕ್ಕದ ಪುಸ್ತಕದಲ್ಲಿ ನಾನು ಬರೆದದ್ದು:
ಬಿಚ್ಚಿದ್ದು ಸಾವಿರದ ಏಳು ನೂರ ಹತ್ತು.
ಉಳಿದ ಒಂಬೈನೂರ ತೊಂಬತ್ತು
ನಷ್ಟದ ಕಾಲಮ್ಮಿಗೆ ಹೋಗಬೇಕಿತ್ತು.
ಅಲ್ಲಿ ಒಂದು ಗೆರೆ ಎಳೆದು, ಪಕ್ಕದಲ್ಲಿ
‘ಹಾರಿದ್ದಾರೆ’ ಅಂತ ಬರೆದಿದ್ದೇನೆ.
ಆಡಿಟಿನವರು ಕೇಳಿದಾಗ ನೋಡೋಣ.